ಸಹಾಯ ಬೇಕು: ಕೈ ತಟ್ಟಿದರೆ ಬೆಳಗುವ ಗ್ಲೌಸ್

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಮಕ್ಕಳಿಗೆ ಆಟಕ್ಕೆಂದು ಎರಡು ಗ್ಲೌಸ್ ಮಾಡುತ್ತಿದ್ದೇನೆ. ಇಬ್ಬರು ಹೈಫೈ ಕೊಟ್ಟರೆ ಇಬ್ಬರ ಕೈಯಲ್ಲೂ ಎಲ್‌ಇಡಿ ಬೆಳಗಬೇಕು, ಪುಟ್ಟ ಮೋಟರ್ ಗುರ್ ಅನ್ನಬೇಕು. ಒಬ್ಬರೇ ಎಷ್ಟು ಕುಣಿದರೂ ಏನೂ ಆಗಬಾರದು, ಅದೇ ಅಲ್ವಾ ಮಜಾ!

ಒಳಗೆ ಲಿಲಿಪ್ಯಾಡ್ ಆರ್ಡುಯಿನೋ (ಬಟ್ಟೆಗೆ ಹೊಲಿಯುವ ಪುಟ್ಟ ಕಂಟ್ರೋಲರ್ ಬೋರ್ಡು), 3 ವೋಲ್ಟಿನ ಸಿಆರ್ 2032 ಬಟನ್ ಸೆಲ್. ಅಂಗೈ ಮೇಲೆ ಕರೆಂಟ್ ಹರಿಯುವ ದಾರದಲ್ಲಿ ಎರಡು ಪಟ್ಟಿ ಹೊಲಿದಿದ್ದೇನೆ. ಒಂದು ಬೋರ್ಡಿನ ಇನ್‌ಪುಟ್ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ (ಮೈನಸ್ ಕಡೆಗೆ). ಎರಡೂ ಬಲಗೈ ಗ್ಲೌಸೇ, ಪಟ್ಟಿಗಳು ಓರೆಯಾಗಿವೆ. ಹಾಗಾಗಿ ಅಂಗೈ ಎದುರುಬದುರಾದಾಗ ಒಂದರ ಪಟ್ಟಿ ಇನ್ನೊಂದರ ಮೇಲೆ ಅಡ್ಡ ಬಿದ್ದು ನಾಲ್ಕೂ ಕೂಡಿಕೊಳ್ಳುತ್ತವೆ. ಇಷ್ಟು ಚೆನ್ನಾಗಿ ನಡೆಯುತ್ತಿದೆ.

ತೊಂದರೆ ಬೇರೆ. ಮೋಟರ್ ತಿರುಗಿದ ಕೂಡಲೇ ಬೋರ್ಡು ರೀಸೆಟ್ ಆಗುತ್ತದೆ. ಮೋಟರ್ 70–80 ಮಿಲಿಆಂಪ್ ಎಳೆಯುತ್ತದೆ, ಬಟನ್ ಸೆಲ್‌ಗೆ ಅದು ಜಾಸ್ತಿಯೇ. ಮಕ್ಕಳ ಕೈಗೆ ಲಿಥಿಯಂ ಪಾಲಿಮರ್ ಬ್ಯಾಟರಿ ಕಟ್ಟಲು ಮನಸ್ಸಿಲ್ಲ. ಎರಡು ಎಎಎ ಸೆಲ್ ಹಾಕಿದರೆ ಭಾರವಾದೀತೇ?

ಇನ್ನೊಂದು, ಬೆವರು. ಗ್ಲೌಸ್ ಒದ್ದೆಯಾದರೆ ಸುಮ್ನೆ ತಾನಾಗಿಯೇ ಬೆಳಗುತ್ತದೆ. ಬೋರ್ಡಿನ ಚಿಪ್‌ನೊಳಗಿನ ಪುಲ್‌ಅಪ್ (ಪಟ್ಟಿಗಳು ಕೂಡದಿದ್ದಾಗ ಪಿನ್ನನ್ನು ಪ್ಲಸ್ ಕಡೆಗೆ ಎಳೆದಿಡುವ ರೆಸಿಸ್ಟರ್) 20ರಿಂದ 50 ಕಿಲೋಓಮ್, ಹಾಗಾಗಿ ಬೆವರಿನ ಸಣ್ಣ ಕರೆಂಟಿಗೂ ಸೋಲುತ್ತದೆ. ಹೊರಗಿನಿಂದ 4.7 ಕಿಲೋಓಮ್ ಹಾಕಿದರೆ ಸಾಕೇ, ಅಥವಾ ದಾರದ ಕೆಳಗೆ ರೆಕ್ಸಿನ್ ಕೊಡಬೇಕೇ? ಬಟ್ಟೆ ಮೇಲೆ ಸರ್ಕ್ಯೂಟ್ ಹೊಲಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಫೋಟೋ ಬೇಕಿದ್ದರೆ ಹಾಕುತ್ತೇನೆ.