ಪದಚರ್ಚೆ: ಮಿದುಳಿನ ‘ಆಟೋರೆಗ್ಯುಲೇಷನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಆಪರೇಷನ್‌ಗೆ ಬರುವ ಬಿಪಿ ರೋಗಿಗಳಿಗಾಗಿ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಅನಸ್ತೇಷಿಯಾಗೆ ‘ಅರಿವಳಿಕೆ’ ಚೆನ್ನಾಗಿ ಒಗ್ಗಿಹೋಗಿದೆ, ಅದರ ತಕರಾರಿಲ್ಲ. ತೊಡಕಿರುವುದು ‘ಆಟೋರೆಗ್ಯುಲೇಷನ್’ ಹತ್ತಿರ.

ವಿಷಯ ಇಷ್ಟು. ಬಿಪಿ ಇಳಿದರೆ ಮಿದುಳಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಏರಿದರೆ ಕುಗ್ಗುತ್ತವೆ. ಹಾಗಾಗಿ ಮಿದುಳಿಗೆ ಹೋಗುವ ರಕ್ತ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ. ಸರಾಸರಿ ಒತ್ತಡ ಸುಮಾರು 60ರಿಂದ 150ರ ನಡುವೆ ಇರುವವರೆಗೆ ಇದು ನಡೆಯುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. (ಸರಾಸರಿ ಅಂದರೆ ಮೇಲಿನ ಅಂಕಿ ಅಲ್ಲ. 120/80 ಇದ್ದವರಿಗೆ ಅದು 93ರ ಆಸುಪಾಸು.) ತುಂಬಾ ಕಾಲದಿಂದ ಬಿಪಿ ಇದ್ದು ಹತೋಟಿಯಲ್ಲಿ ಇಲ್ಲದವರಿಗೆ ಈ ಮಿತಿಗಳು ಮೇಲಕ್ಕೆ ಸರಿದಿರುತ್ತವೆ. ಬೇರೆಯವರಿಗೆ ಸಾಕಾಗುವ 65ರ ಸರಾಸರಿ ಒತ್ತಡ ಅವರ ಮಿದುಳಿಗೆ ಸಾಲದೇ ಹೋಗಬಹುದು.

ಸೆವೋಫ್ಲುರೇನ್, ಐಸೋಫ್ಲುರೇನ್ ಥರದ ಉಸಿರಿನ ಮೂಲಕ ಕೊಡುವ ಅರಿವಳಿಕೆ ಮದ್ದು ಜಾಸ್ತಿಯಾದಷ್ಟೂ ಮಿದುಳಿನ ಈ ಗುಣ ಕುಂದುತ್ತದೆ. ಅದರ ಮೇಲೆ ಬಿಪಿ ಇಳಿಸಲು ನೈಟ್ರೋಗ್ಲಿಸರಿನ್ ಅಥವಾ ನೈಟ್ರೋಪ್ರುಸೈಡ್ ಕೊಟ್ಟರೆ ಮಿದುಳಿನ ನಾಳಗಳೂ ಹಿಗ್ಗುತ್ತವೆ, ತಲೆಬುರುಡೆಯೊಳಗೆ ಒತ್ತಡ ಏರಬಹುದು. ಬಿಪಿ ಇಳಿಸುವ ಬೇರೆ ಮದ್ದುಗಳಾದ ಲ್ಯಾಬೆಟಲಾಲ್, ಎಸ್ಮೊಲಾಲ್‌ನಿಂದ ಹಾಗಾಗುವುದು ಕಡಿಮೆ. ಮಾನಿಟರ್ ಮೇಲೆ ಒಂದೇ ಅಂಕಿ ಕಂಡರೂ ಮಿದುಳಿನಲ್ಲಿ ನಡೆಯುವುದು ಬೇರೆ ಬೇರೆ. ರೋಗಿಯ ಮನೆಯವರಿಗೆ ಇದು ತಿಳಿಯಲೇಬೇಕು ಅನ್ನುವುದು ನನ್ನ ಆಸೆ.

ಇನ್ನು ಪದ. ‘ಸ್ವಯಂನಿಯಂತ್ರಣ’ ಅಂದರೆ ಓದುವವರು ಸಿಟ್ಟು ತಡೆದುಕೊಳ್ಳುವುದು, ಚಟ ಬಿಡುವುದು ಅಂದುಕೊಳ್ಳುತ್ತಾರೆ ಅಲ್ವಾ? ನನಗೆ ‘ಸರಿದೂಗಿಸು’ ಹಿಡಿಸಿದೆ. ‘ಬಿಪಿ ಏರಿಳಿದರೂ ಮಿದುಳು ರಕ್ತದ ಹರಿವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ.’ ವಾಕ್ಯದಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ತಲೆಬರಹಕ್ಕೆ ನಾಮಪದ ಬೇಕು. ‘ಹರಿವಿನ ಸರಿದೂಗಿಕೆ’ ಅಂದರೆ ಕಿವಿಗೆ ಹೇಗಿದೆ?

ಇನ್ನೊಂದು ಕೇಳ್ವಿ. ಸೈನಸ್ ಆಪರೇಷನ್‌ನಂಥವುಗಳಲ್ಲಿ ರಕ್ತ ಸುರಿದು ಆಪರೇಷನ್ ಮಾಡುವ ಜಾಗ ಮರೆಯಾಗದಿರಲೆಂದು ಬಿಪಿಯನ್ನು ಬೇಕೆಂದೇ ಒಂದಿಷ್ಟು ಇಳಿಸುವುದುಂಟು. ಅರಿವಳಿಕೆಯಿಂದ ಬಿಪಿ ತಾನಾಗಿ ಬೀಳುವುದೂ ಉಂಟು. ನಮ್ಮ ಮಾತಿನಲ್ಲಿ ಎರಡೂ ‘ಬಿಪಿ ಲೋ ಆಯ್ತು’. ಮೊದಲನೆಯದಕ್ಕೆ ‘ತಗ್ಗಿಸಿದ ಬಿಪಿ’, ಎರಡನೆಯದಕ್ಕೆ ‘ಕುಸಿದ ಬಿಪಿ’ ಎಂದು ಬರೆದಿದ್ದೇನೆ. ‘ಕುಸಿದ’ ಅಂದರೆ ರೋಗಿ ಸುಮ್ನೆ ಹೆದರಿಯಾರೇ? ‘ಇಳಿದ’ ಸಾಕೇ? ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಬಳಗದಲ್ಲಿದ್ದರೆ, ನಿಮ್ಮ ವಾರ್ಡಿನಲ್ಲಿ ರೋಗಿಗಳ ಮುಂದೆ ಏನು ಹೇಳುತ್ತೀರಿ ಅಂತ ತಿಳಿಸಿ.