ಫಾರ್ಸ್ ಸಿನಿಮಾಕ್ಕೆ ಬಂದಾಗ: ‘ಪ್ರಹಸನ’, ‘ರೂಪಾಂತರ’ ಪದಗಳ ಬಗ್ಗೆ

ರಂಗಭೂಮಿಯ ಫಾರ್ಸ್ (ಗೊಂದಲ, ಇಕ್ಕಟ್ಟುಗಳಿಂದ ನಗಿಸುವ ನಾಟಕ) ಒಂದನ್ನು ತಿಳಿಹಾಸ್ಯದ ಚಲನಚಿತ್ರವಾಗಿಸುವ ಕ್ರಮವನ್ನು ಕುರಿತು ಬರೆಯುವಾಗ ‘ಪ್ರಹಸನ’ ಮತ್ತು ‘ರೂಪಾಂತರ’ ಎಂಬ ಎರಡು ಪದಗಳ ಬಳಕೆಯಲ್ಲಿ ನನಗೆ ಸಂದೇಹ ಎದ್ದಿದೆ.

ಫಾರ್ಸ್‌ಗೆ ಪ್ರಹಸನ ಎನ್ನುವುದು ರೂಢಿ. ಆದರೆ ನಾಟ್ಯಶಾಸ್ತ್ರ ಹೇಳುವ ಹತ್ತು ರೂಪಕಗಳಲ್ಲಿ, ಅಂದರೆ ನಾಟಕದ ಬಗೆಗಳಲ್ಲಿ, ಒಂದಾದ ಪ್ರಹಸನದ ಜೀವಾಳ ವಿಡಂಬನೆ. ಏಳನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನ ‘ಮತ್ತವಿಲಾಸ’ದಲ್ಲಿ, ತನ್ನ ಭಿಕ್ಷಾಪಾತ್ರೆಯಾದ ಕಪಾಲ (ತಲೆಬುರುಡೆ) ಕಾಣೆಯಾಯಿತೆಂದು ಶೈವ ಸನ್ಯಾಸಿಯಾದ ಕಾಪಾಲಿಕನು ಬೌದ್ಧ ಭಿಕ್ಷುವಿನ ಮೇಲೆ ಕಳವು ಹೊರಿಸುವಾಗ ನಗೆಗೆ ಗುರಿಯಾಗುವುದು ಇಬ್ಬರ ಡಾಂಭಿಕತನ. ಫಾರ್ಸ್‌ನಲ್ಲಾದರೋ ನಗೆ ಹುಟ್ಟುವುದು ಇಕ್ಕಟ್ಟಿನಿಂದ: ಒಂದು ಸುಳ್ಳನ್ನು ಮುಚ್ಚಲು ಮತ್ತೊಂದು ಸುಳ್ಳು, ವೇಷ ಬದಲಾವಣೆ, ಒಬ್ಬ ಈ ಬಾಗಿಲಿನಿಂದ ಹೊರಗೆ ಕಾಲಿಡುತ್ತಿದ್ದಂತೆಯೇ ಅವನ ಕಣ್ಣಿಗೆ ಬೀಳಬಾರದವನು ಆ ಬಾಗಿಲಿನಿಂದ ಒಳಗೆ ಬರುವುದು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಈ ಭೇದ ಅಳಿಸಿಹೋಗುತ್ತದೆ. ‘ನಗೆನಾಟಕ’ ಎಂದರೆ ಅರ್ಥ ಇನ್ನೂ ಸಡಿಲವಾಗುತ್ತದೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ರೂಪಾಂತರ’. ನಮ್ಮ ರಂಗಭೂಮಿಯಲ್ಲಿ ಈ ಮಾತು ಬೇರೆ ಭಾಷೆಯ ನಾಟಕದ ಊರು, ಹೆಸರು, ಆಚಾರಗಳನ್ನು ಇಲ್ಲಿಯವನ್ನಾಗಿ ಮಾಡಿಕೊಳ್ಳುವುದಕ್ಕೆ ಸಲ್ಲುತ್ತದೆ. ಫಾರ್ಸ್ ಚಿತ್ರವಾಗುವಾಗ ಇವು ಯಾವುವೂ ಬದಲಾಗದೆ ಇರಬಹುದು, ಆದರೆ ನಗಿಸುವ ಬಗೆಯೇ ಬದಲಾಗುತ್ತದೆ. ರಂಗದ ಮೇಲೆ ಮಂಚದ ಕೆಳಗೆ ಅಡಗಿದವನೂ ಮಂಚದ ಮೇಲೆ ಕುಳಿತವನೂ ಪ್ರೇಕ್ಷಕನಿಗೆ ಏಕಕಾಲಕ್ಕೆ ಕಾಣುತ್ತಿರುತ್ತಾರೆ; ಸಿಕ್ಕಿಬೀಳುವ ಭಯ ಎಡೆಬಿಡದೆ ಬೆಳೆಯುತ್ತದೆ. ಕ್ಯಾಮೆರಾ ಒಬ್ಬನ ಮುಖಕ್ಕೆ ಹತ್ತಿರವಾದೊಡನೆ ಇನ್ನೊಬ್ಬನು ಚೌಕಟ್ಟಿನ ಆಚೆ ಉಳಿಯುತ್ತಾನೆ, ನಟರು ಕ್ಷಣ ತಪ್ಪದೆ ಸಾಧಿಸುತ್ತಿದ್ದ ಹೊಂದಾಣಿಕೆ ಸಂಕಲನಕಾರನ ಕತ್ತರಿಯ ಪಾಲಾಗುತ್ತದೆ. ಇಂಗ್ಲಿಷ್ ನಾಟಕಕಾರ ಮೈಕೆಲ್ ಫ್ರೇನ್ ಅವರ 1982ರ ‘ನಾಯ್ಸಸ್ ಆಫ್’ ನಾಟಕದ ಎರಡನೆಯ ಅಂಕ ರಂಗದ ಈ ಏಕಕಾಲದ ನೋಟಕ್ಕೆ ಒಳ್ಳೆಯ ನಿದರ್ಶನ: ಅಲ್ಲಿ ರಂಗಸಜ್ಜಿಕೆಯೇ ಹಿಂದುಮುಂದಾಗಿ ತಿರುಗಿ, ನೇಪಥ್ಯದ ಮೂಕ ಜಗಳವು ಕಣ್ಣಿಗೂ ಅತ್ತ ನಡೆಯುತ್ತಿರುವ ಪ್ರದರ್ಶನವು ಕಿವಿಗೂ ಒಟ್ಟಿಗೆ ತಲುಪುತ್ತವೆ. 1992ರಲ್ಲಿ ಅದು ಚಿತ್ರವಾಯಿತು. ಆದರೆ ಎಲ್ಲಿ ನೋಡಬೇಕೆಂಬ ಪ್ರೇಕ್ಷಕನ ಆಯ್ಕೆ ಯಾವ ಚಿತ್ರದಲ್ಲೂ ಹಾಗೆಯೇ ಉಳಿಯಲಾರದು. ಆದ್ದರಿಂದಲೇ ಚಿತ್ರಕಥೆ ಬರೆಯುವವರು ವೇಗವನ್ನು ತಗ್ಗಿಸಿ, ಪಾತ್ರಗಳ ಸ್ವಭಾವವನ್ನು ನಂಬುವಂತೆ ಬೆಳೆಸಿ, ಅಬ್ಬರದ ನಗೆಯನ್ನು ತಿಳಿಹಾಸ್ಯದ ಕಡೆಗೆ ಹೊರಳಿಸಬೇಕಾಗುತ್ತದೆ.

ಹೀಗೆ ಪ್ರಕಾರವೇ ಬದಲಾಗುವುದನ್ನು ‘ಅಳವಡಿಕೆ’ ಎಂದರೆ ಸಾಕೆ? ಇದ್ದದ್ದನ್ನು ಹೊಸ ಜಾಗಕ್ಕೆ ಹೊಂದಿಸುವುದಷ್ಟೇ ಅದರ ಅರ್ಥವೆಂದು ನನಗನ್ನಿಸುತ್ತದೆ. ‘ಮರುರಚನೆ’ ಹೆಚ್ಚು ಸಮೀಪದ ಮಾತು. ಬಾಗಿಲುಗಳ ನಡುವಿನ ಓಡಾಟದಿಂದಲೇ ನಡೆಯುವ ಇಂಥ ನಾಟಕಕ್ಕೆ ರಂಗಕರ್ಮಿಗಳ ಆಡುಮಾತಿನಲ್ಲಿ ಬೇರೆ ಹೆಸರಿದ್ದರೆ, ಬಲ್ಲವರು ಅದನ್ನು ಬಳಕೆಯ ಉದಾಹರಣೆಯೊಂದಿಗೆ ತಿಳಿಸಬೇಕಾಗಿ ಕೋರುತ್ತೇನೆ.