ಐಸಿ ಕಾಲುಗಳ ನಡುವೆ 2.54 ಮಿ.ಮೀ. ಏಕೆ?

ಪ್ರಶ್ನೆ (ಉಡುಪಿ)

ಟ್ಯಾಂಕ್ ತುಂಬಿದಾಗ ಬಾವಿಯ ಪಂಪನ್ನು ತಾನಾಗಿಯೇ ನಿಲ್ಲಿಸುವ ಒಂದು ಸರ್ಕ್ಯೂಟ್ ಬೋರ್ಡನ್ನು ನಾನೇ ವಿನ್ಯಾಸ ಮಾಡಿ ತರಿಸಿಕೊಂಡೆ. ನಲವತ್ತು ಕಾಲಿನ ಐಸಿಗೆ (ಇಂಟಿಗ್ರೇಟೆಡ್ ಸರ್ಕ್ಯೂಟ್ ಎಂಬ ಚಿಪ್‌ಗೆ) ರಂಧ್ರ ಗುರುತಿಸುವಾಗ ಕಾಲಿನಿಂದ ಕಾಲಿಗೆ 2.5 ಮಿ.ಮೀ. ಎಂದು ಲೆಕ್ಕ ಹಿಡಿದಿದ್ದೆ. ಮೊದಲ ಐದಾರು ಕಾಲುಗಳು ಸಲೀಸಾಗಿ ಇಳಿದವು. ಮುಂದಿನವು ರಂಧ್ರದ ಅಂಚಿಗೆ ತಾಗಿ ಬಾಗಿದವು. ಕೊನೆಯದು ತಾಮ್ರದ ಮೇಲೆಯೇ ಕುಳಿತಿತು. ನಿಜವಾದ ಅಂತರ 2.54 ಎಂದು ಆಮೇಲೆ ತಿಳಿಯಿತು. ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿಗೆ 1956ರಲ್ಲೇ ಕಾಯಿದೆಯಾಗಿರುವಾಗ ಈ ಸಂಖ್ಯೆ ಇನ್ನೂ ಏಕೆ ಉಳಿದಿದೆ?

ಉತ್ತರ 1 (ಮಂಗಳೂರು)

ಅದು ಇಂಚಿನ ಹತ್ತನೆಯ ಒಂದು ಭಾಗ. ಒಂದು ಸಾಲಿನ ಇಪ್ಪತ್ತು ಕಾಲುಗಳ ನಡುವೆ ಹತ್ತೊಂಬತ್ತು ಅಂತರಗಳಿರುವುದರಿಂದ, ನೀವು ಬಿಟ್ಟ 0.04 ಕೊನೆಯ ಕಾಲಿಗೆ ಬರುವಷ್ಟರಲ್ಲಿ 0.76 ಮಿ.ಮೀ. ಆಗಿದೆ.

ಈ ಬಗೆಯ ಐಸಿ 1960ರ ದಶಕದಲ್ಲಿ ಅಮೆರಿಕದಲ್ಲಿ, ಇಂಚಿನಲ್ಲೇ ಅಳೆಯುತ್ತಿದ್ದ ಕಾರ್ಖಾನೆಗಳಲ್ಲಿ ಹುಟ್ಟಿತು. ಅದಕ್ಕೆ ಹೊಂದುವ ಸಾಕೆಟ್, ಕನೆಕ್ಟರ್, ಬೋರ್ಡುಗಳು ಒಮ್ಮೆ ಜಗತ್ತಿನ ತುಂಬ ಹರಡಿದ ಮೇಲೆ ಅಂತರವನ್ನು ಬದಲಿಸುವುದೆಂದರೆ ಅವೆಲ್ಲವನ್ನೂ ಕೈಬಿಟ್ಟಂತೆಯೇ ಸರಿ. ಸೋವಿಯತ್ ಒಕ್ಕೂಟವು 2.5 ಮಿ.ಮೀ. ಅಂತರದ ಐಸಿಗಳನ್ನೇ ತಯಾರಿಸಿತು. ಅವನ್ನು ಇಂಚಿನ ಸಾಕೆಟ್‌ಗೆ ಕೂರಿಸುವವರಿಗೆ ನಿಮ್ಮದೇ ತೊಂದರೆ ಎದುರಾಗುತ್ತಿತ್ತು. ಇನ್ನೊಂದು ಕಾರಣವೂ ಇದೆ, ಮತ್ತು ನನ್ನ ಮಟ್ಟಿಗೆ ಅದೇ ಮುಖ್ಯ: 1959ರಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳು ಒಂದು ಇಂಚು ಎಂದರೆ ಕರಾರುವಾಕ್ಕಾಗಿ 25.4 ಮಿ.ಮೀ. ಎಂದು ಒಪ್ಪಿಕೊಂಡವು. ಅಲ್ಲಿಂದೀಚೆಗೆ ವಸ್ತುವನ್ನು ಮುಟ್ಟದೆ ಕಾಗದದ ಮೇಲಿನ ಸಂಖ್ಯೆಯನ್ನಷ್ಟೇ ಮೆಟ್ರಿಕ್‌ಗೆ ಬದಲಿಸಿದರೆ ಸಾಕಾಯಿತು. ಹಳೆಯದಕ್ಕೆ ಹೊಂದಬೇಕಾದ ಹಂಗಿಲ್ಲದ ಹೊಸ ಐಸಿಗಳಲ್ಲಿ 0.5, 0.8 ಮಿ.ಮೀ. ಅಂತರಗಳು ಧಾರಾಳವಾಗಿ ಬಂದಿವೆ.

ಉತ್ತರ 2 (ಸುರತ್ಕಲ್)

ನಾನು ಸರ್ವರ್ ಕೋಣೆಯಲ್ಲಿ ಕೆಲಸ ಮಾಡುವವನು. ನಮ್ಮ ರ‍್ಯಾಕಿನ ಮುಂಭಾಗದ ಅಗಲ 482.6 ಮಿ.ಮೀ., ಅಂದರೆ 19 ಇಂಚು. ಅದರ ಪ್ರತಿ ಅಂತಸ್ತಿನ, ಅಂದರೆ ಯೂನಿಟ್‌ನ ಎತ್ತರ 44.45 ಮಿ.ಮೀ. ಹಾರ್ಡ್ ಡಿಸ್ಕ್‌ಗಳಲ್ಲಂತೂ 3.5 ಇಂಚಿನದಕ್ಕೆ ಇಂಚಿನ ಮರೆಯ (ಸುತ್ತುಗೆರೆಯ) ಸ್ಕ್ರೂ, 2.5 ಇಂಚಿನದಕ್ಕೆ ಎಂ3 (3 ಮಿ.ಮೀ. ದಪ್ಪದ) ಮೆಟ್ರಿಕ್ ಸ್ಕ್ರೂ ಬೇಕು. ಅಂಗೈಯಲ್ಲಿಟ್ಟು ನೋಡಿದರೆ ಎರಡೂ ಒಂದೇ ಎನಿಸುತ್ತವೆ, ಆದರೆ ಇಂಚಿನದು ತುಸು ದಪ್ಪ, ಅದರ ಮರೆಗಳು ವಿರಳ. ಹೆಸರನ್ನೂ ನಂಬುವಂತಿಲ್ಲ: 3.5 ಇಂಚಿನ ಡಿಸ್ಕ್‌ನ ಅಗಲ 101.6 ಮಿ.ಮೀ., ಅಂದರೆ ಸರಿಯಾಗಿ ನಾಲ್ಕು ಇಂಚು.

ಉತ್ತರ 3 (ಕುಂದಾಪುರ)

ನಿಮ್ಮ ಪಂಪಿನ ಪೈಪಿನಲ್ಲೂ ಇದೇ ಕಥೆ. ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಹೊರವ್ಯಾಸ 21.3 ಮಿ.ಮೀ. ಇರುತ್ತದೆ; ಅರ್ಧ ಇಂಚು, ಅಂದರೆ 12.7 ಮಿ.ಮೀ., ಅದರಲ್ಲಿ ಎಲ್ಲಿಯೂ ಸಿಗುವುದಿಲ್ಲ. ಇಂಚು ಅಲ್ಲಿ ಅಳತೆಯಾಗಿ ಉಳಿಯದೆ ಹೆಸರಾಗಿದೆ.

ಉತ್ತರ 1 ಬರೆದವರಿಂದ

ಹೊಸ ಬೋರ್ಡ್ ಮಾಡಿಸುವ ಮುನ್ನ ಒಂದು ಎಚ್ಚರಿಕೆ. 0603 ಎಂಬ ಚಿಪ್ ರೆಸಿಸ್ಟರ್ ಇಂಚಿನ ಸಂಕೇತದಲ್ಲಿ 1.6 × 0.8 ಮಿ.ಮೀ. ಆಗಿರುತ್ತದೆ, ಅದೇ ನಾಲ್ಕು ಅಂಕೆಗಳು ಮೆಟ್ರಿಕ್ ಸಂಕೇತದಲ್ಲಿ 0.6 × 0.3 ಮಿ.ಮೀ.ನ, ಕೈಯಿಂದ ಬೆಸುಗೆ ಹಾಕಲು ಬಹಳ ಕಷ್ಟವಾಗುವಷ್ಟು ಚಿಕ್ಕದಾದ ಬಿಡಿಭಾಗವನ್ನು ಸೂಚಿಸುತ್ತವೆ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ಅಂತರವನ್ನು 2.54ಕ್ಕೂ ಎರಡು ಸಾಲುಗಳ ನಡುವಿನ ದೂರವನ್ನು 15.24ಕ್ಕೂ ತಿದ್ದಿದ್ದೇನೆ. ರೆಸಿಸ್ಟರ್‌ಗಳ ಪಟ್ಟಿಯಲ್ಲಿ 0603 ಎಂದಷ್ಟೇ ಬರೆದಿದ್ದೆ. ಈಗ ಅದರ ಮುಂದೆ ಉದ್ದ ಮತ್ತು ಅಗಲವನ್ನು ಮಿಲಿಮೀಟರ್‌ನಲ್ಲಿ ಸೇರಿಸಿ ಕಳುಹಿಸುತ್ತಿದ್ದೇನೆ.